ಶೆಟ್ರ ಅಂಗೈ, ನನ್ನ ಸಹಿ

ನಾನು ಬಿಟ್ಟು ಬಂದ ಕುರ್ಚಿಯಲ್ಲಿ ಈಗ ಕುಳಿತಿರುವ ಹುಡುಗಿ ಕಳೆದ ವಾರ ಫೋನ್ ಮಾಡಿದ್ದಳು. "ಮೇಡಂ, ಈ ಪೇಶಂಟುಗಳು ಬಾಯಿ ಬಿಟ್ಟರೆ ಸುಳ್ಳು. ಇವರ ಊಟದ ಡೈರಿ ನೋಡಿದ್ರೆ ಗಾಳಿ ಕುಡಿದು ದಪ್ಪ ಆದದ್ದು ಅಂತ ಆಗ್ತದೆ. ಎಂತ ಮಾಡುದು?" ಎಂದಳು. ನನಗೆ ನಗು ಬಂತು. ಅವಳ ಪ್ರಾಯದಲ್ಲಿ ನಾನೂ ಹೀಗೇ ಹಲ್ಲು ಕಡಿಯುತ್ತಿದ್ದೆ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ, ಬರೆದು ಕಳಿಸುತ್ತೇನೆ ಎಂದೆ. ಬರೆಯಲು ಕುಳಿತಾಗ, ಅವಳೊಬ್ಬಳಿಗೇ ಏಕೆ, ಈ ಕೆಲಸಕ್ಕೆ ಬರುವ ಎಲ್ಲರಿಗೂ ಇರಲಿ ಅನ್ನಿಸಿತು.

ನಾನು ಡಯೆಟಿಷಿಯನ್. ಮಂಗಳೂರಿನ ಬಿಕರ್ನಕಟ್ಟೆಯಿಂದ ಬಸ್ಸು ಹತ್ತಿ ಅತ್ತಾವರದ ಆಸ್ಪತ್ರೆಯೊಂದಕ್ಕೆ ಹೋಗಿ ಬಂದು ಜೀವಮಾನ ಕಳೆದವಳು. ಕೊನೆಯ ಹಲವು ವರ್ಷ ತೂಕ ಇಳಿಸುವ ಆಪರೇಷನ್ನಿನ ವಿಭಾಗದಲ್ಲಿದ್ದೆ. ಹೊಟ್ಟೆಯ ಚೀಲದ ಬಹುಪಾಲನ್ನು ತೆಗೆದು, ಒಂದು ಬಾಳೆಹಣ್ಣಿನಷ್ಟನ್ನು ಮಾತ್ರ ಉಳಿಸುವ ಆಪರೇಷನ್ ಅದು. ಕೊಯ್ಯುವ ಕೆಲಸ ಸರ್ಜನ್‌ದು. ಕೊಯ್ಯುವ ಮೊದಲಿನ ಆರು ವಾರ ಪೇಶಂಟ್ ನನ್ನ ಕೈಯಲ್ಲಿ. ಮನಸ್ಸಿನ ಡಾಕ್ಟರು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದುದರಿಂದ ಉಳಿದ ದಿನಗಳಲ್ಲಿ ಮನಸ್ಸಿನ ಉಸಾಬರಿಯೂ ನನ್ನದೇ. ಕೊನೆಯಲ್ಲಿ ಒಂದು ಫಾರ್ಮ್ ಇರುತ್ತಿತ್ತು: ಈ ವ್ಯಕ್ತಿ ಮನಸ್ಸಿನಿಂದಲೂ ಅಭ್ಯಾಸದಿಂದಲೂ ತಯಾರಿದ್ದಾರೆ ಎಂದು. ಅದರಲ್ಲಿ ನನ್ನ ಸಹಿ ಬೀಳದೆ ಯಾರನ್ನೂ ಥಿಯೇಟರಿನ ಒಳಗೆ ಕರೆದೊಯ್ಯುವಂತಿರಲಿಲ್ಲ.

ನಾನೇನು ಬಳುಕುವ ಬಳ್ಳಿಯಲ್ಲ. ಬಂದವರ ಕಣ್ಣು ಮೊದಲು ನನ್ನ ಸೊಂಟಕ್ಕೆ ಹೋಗುತ್ತಿತ್ತು. ಒಬ್ಬರಂತೂ ನೇರವಾಗಿ ಕೇಳಿದ್ದರು, "ನೀವು ಯಾವಾಗ ಮಾಡಿಸುದು ಮೇಡಂ?" ಎಂದು. ನನಗೆ ಬೇಸರವಾಗಲಿಲ್ಲ. ಸೊಂಟ ನೋಡಿ ಸಲುಗೆ ಬಂದವರು ಬಾಯಿ ಬಿಡುತ್ತಾರೆ. ಬಾಯಿ ಬಿಡಿಸುವುದೇ ಈ ಕೆಲಸದಲ್ಲಿ ಅರ್ಧ.

ಉಳಿದರ್ಧ ಕಲಿಸುವುದು. ನನ್ನ ಕೋಣೆಯಲ್ಲಿ ಒಂದು ತಟ್ಟೆ, ಒಂದು ಇಡ್ಲಿ, ಒಂದು ಗಡಿಯಾರ. ಆ ಒಂದು ಇಡ್ಲಿಯನ್ನು ಇಪ್ಪತ್ತು ನಿಮಿಷ ತಿನ್ನಬೇಕು. ಬಾಯಲ್ಲಿ ನೀರಾಗುವವರೆಗೆ ಅಗಿಯಬೇಕು. ನಡುವೆ ನೀರು ಕುಡಿಯುವಂತಿಲ್ಲ, ಮುಗಿದ ಮೇಲೂ ಅರ್ಧ ಗಂಟೆ ಕುಡಿಯುವಂತಿಲ್ಲ. ಮೊದಲ ದಿನ ಎಲ್ಲರೂ ನಾಲ್ಕು ನಿಮಿಷಕ್ಕೆ ಮುಗಿಸಿ ನನ್ನ ಮುಖ ನೋಡುತ್ತಿದ್ದರು. "ಒಂದು ಇಡ್ಲಿಗೆ ಇಪ್ಪತ್ತು ನಿಮಿಷವಾ? ನನ್ನ ಮದುವೆಯ ಧಾರೆಯೇ ಅಷ್ಟು ಹೊತ್ತು ಆಗ್ಲಿಲ್ಲ ಮಾರಾಯ್ರೆ" ಎಂದ ಮಹಾನುಭಾವರೂ ಇದ್ದಾರೆ. ಆರು ವಾರದಲ್ಲಿ ಅವರೇ ಮನೆಯವರಿಗೆ ನಿಧಾನ ತಿನ್ನಿ ಎಂದು ಬುದ್ಧಿ ಹೇಳುತ್ತಿದ್ದರು.

ಈಗ ಸುಳ್ಳಿನ ವಿಷಯಕ್ಕೆ ಬರುತ್ತೇನೆ. ನನ್ನ ಮೊದಲ ದೊಡ್ಡ ತಪ್ಪು ಗಂಜಿಯಲ್ಲಿ ಆದದ್ದು. ಆಪರೇಷನ್ನಿಗೆ ಮುಂಚಿನ ಎರಡು ವಾರ ಗಟ್ಟಿ ಊಟ ಇಲ್ಲ. ಕೊಬ್ಬು ತುಂಬಿ ಉಬ್ಬಿದ ಲಿವರ್ ಆ ಎರಡು ವಾರದಲ್ಲಿ ಇಳಿಯಬೇಕು, ಇಲ್ಲವಾದರೆ ಅದು ಹೊಟ್ಟೆಗೆ ಅಡ್ಡ ನಿಲ್ಲುತ್ತದೆ. ನಾನು ಚಂದದ ಅಕ್ಷರದಲ್ಲಿ "ದ್ರವಾಹಾರ ಮಾತ್ರ" ಎಂದು ಬರೆದುಕೊಟ್ಟಿದ್ದೆ. ಪೇಶಂಟ್ ಒಂದು ಮರದ ಮಿಲ್ಲಿನ ಯಜಮಾನರು, ಬಹಳ ಶಿಸ್ತಿನವರು. ಆಪರೇಷನ್ನಿನ ದಿನ ನಮ್ಮ ಸರ್ಜನ್ ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡಿ, ಏನೂ ಮಾಡದೆ ಹೊಲಿದು ಹೊರಗೆ ಬಂದು ನನ್ನನ್ನು ಕರೆಸಿದರು.

"ವಾರಿಜಾ, ನಿಮ್ಮ ಪೇಶಂಟಿನ ಲಿವರ್ ಬಾಗಿಲಲ್ಲೇ ನಿಂತು ನನಗೆ ನಮಸ್ಕಾರ ಹೇಳ್ತಾ ಉಂಟು. ಎಂತ ಕೊಟ್ಟಿದ್ದೀರಿ ನೀವು?"

ಎಚ್ಚರವಾದ ಮೇಲೆ ಅವರನ್ನೇ ಕೇಳಿದೆ. "ಗಂಜಿ ಮೇಡಂ. ಮೂರು ಹೊತ್ತು ಗಂಜಿ ಬಿಟ್ಟು ಬೇರೆ ಎಂತದ್ದೂ ಮುಟ್ಟಲಿಲ್ಲ. ಅದು ನೀರೇ ಅಲ್ವಾ? ಜ್ವರ ಬಂದ್ರೆ ಡಾಕ್ಟ್ರೇ ಹೇಳುದು, ಬೇರೆ ಎಂತ ತಿನ್ಬೇಡಿ, ಗಂಜಿ ಕುಡೀರಿ ಅಂತ" ಎಂದರು.

ಅವರು ಹೇಳಿದ್ದು ಸರಿ. ನಮ್ಮೂರಿನಲ್ಲಿ ಗಂಜಿ ಊಟದ ಪಟ್ಟಿಯಲ್ಲಿ ಬರುವುದಿಲ್ಲ. ಊಟ ಸೇರದಿದ್ದಾಗ ಕುಡಿಯುವುದು ಅದು. ಎರಡು ವಾರ ಅಗುಳು ತುಂಬಿದ ಕುಚ್ಚಲಕ್ಕಿ ಗಂಜಿಯನ್ನು ಉಪ್ಪಿನಕಾಯಿಯ ಜೊತೆ ಇಳಿಸಿ, ಅವರು ಉಪವಾಸದ ಭಕ್ತಿಯಲ್ಲಿದ್ದರು. ನಾನು ಪುಸ್ತಕದ ಮಾತನ್ನು ಬರೆದುಕೊಟ್ಟೆ, ಅವರು ಮನೆಯ ತಿಳಿವಳಿಕೆಯಿಂದ ಓದಿಕೊಂಡರು, ಸುಮ್ಮನೆ ಹೊಟ್ಟೆಗೆ ತೂತು ಬಿದ್ದದ್ದು ಅವರಿಗೆ. ನನಗೆ ನಾಚಿಕೆಯಾಯಿತು. ಅಂದೇ ಸಂಜೆ ಒಂದು ಚಹಾ ಸೋಸುವ ಜಾಲರಿ ತಂದು ಮೇಜಿನ ಡ್ರಾಯರಿನಲ್ಲಿಟ್ಟೆ. ಇದರಲ್ಲಿ ಇಳಿಯದ್ದು ಯಾವುದೂ ಬೇಡ, ಇಳಿದರೂ ಸಕ್ಕರೆ ಬೇಡ ಎಂದು ಕೈಯಲ್ಲಿ ಹಿಡಿದು ತೋರಿಸತೊಡಗಿದೆ.

ಎರಡನೆಯ ಪೆಟ್ಟು ತಿಂದದ್ದು ಒಬ್ಬ ಕಾಲೇಜು ಟೀಚರ ವಿಷಯದಲ್ಲಿ. ಥಿಯೇಟರಿನಲ್ಲಿ ಒಂದು ದಿನ ಖಾಲಿ ಬಿತ್ತೆಂದು ಸರ್ಜನ್ ಅವಸರ ಮಾಡಿದರು, ಆಕೆಯೂ ನಗುನಗುತ್ತಾ ತಯಾರಿದ್ದರು, ನಾನು ಮೂರನೆಯ ವಾರಕ್ಕೇ ಸಹಿ ಹಾಕಿದೆ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ತೂಕ ಚೆನ್ನಾಗಿ ಇಳಿಯಿತು. ಆಮೇಲೆ ನಿಂತಿತು. ಆಮೇಲೆ ಏರತೊಡಗಿತು.

"ಸಿಹಿ ತಿಂತೀರಾ?" ಎಂದೆ.

"ಇಲ್ಲವೇ ಇಲ್ಲ ಮೇಡಂ. ಸ್ವೀಟ್ ಬಾಯಿಗೆ ಹಾಕ್ಲಿಲ್ಲ."

"ಸಂಜೆ ಎಂತ ಮಾಡ್ತೀರಿ?"

"ಮಕ್ಕಳನ್ನು ಕರ್ಕೊಂಡು ಐಸ್‌ಕ್ರೀಮಿಗೆ ಹೋಗ್ತೇವೆ. ಒಂದು ಗಡ್‌ಬಡ್ ತಗೊಂಡು ಹಂಚಿಕೊಳ್ಳುದು."

"ಅದು ಸ್ವೀಟ್ ಅಲ್ವಾ?"

ಆಕೆ ನಿಜವಾಗಿ ಆಶ್ಚರ್ಯಪಟ್ಟು, "ಅದು ಐಸ್‌ಕ್ರೀಮ್ ಅಲ್ವಾ ಮೇಡಂ!" ಎಂದರು.

ಮಂಗಳೂರಿನವಳಾಗಿ ನನಗೆ ಇದು ಹೊಳೆಯಬೇಕಿತ್ತು. ನಮಗೆ ಸಿಹಿ ಎಂದರೆ ಲಾಡು, ಹೋಳಿಗೆ. ಐಸ್‌ಕ್ರೀಮ್ ಎಂದರೆ ಒಂದು ಸಂಜೆ, ಒಂದು ತಿರುಗಾಟ. ಅದು ಗಂಟಲಿನಿಂದ ಜಾರಿ ಇಳಿಯುವುದರಿಂದ ಸಣ್ಣ ಹೊಟ್ಟೆಯೂ ಬೇಡ ಎನ್ನುವುದಿಲ್ಲ. ಆಕೆಯ ಇಡೀ ದಿನದಲ್ಲಿ ಸಂತೋಷವೆನ್ನುವುದು ಇದ್ದದ್ದೇ ಆ ಒಂದು ಗಂಟೆಯಲ್ಲಿ, ಅದನ್ನು ನಾನು ಕೇಳಿರಲೇ ಇಲ್ಲ. ಆಕೆ ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ಅಂದಿನಿಂದ ಏನು ತಿನ್ನುತ್ತೀರಿ ಎಂದು ಕೇಳುವುದನ್ನು ಬಿಟ್ಟೆ. ಬೆಳಿಗ್ಗೆ ಎದ್ದಲ್ಲಿಂದ ನಿಮ್ಮ ದಿನ ಹೇಳಿ ಎನ್ನುತ್ತಿದ್ದೆ.

ಇಷ್ಟೆಲ್ಲ ಕಲಿತ ಮೇಲೂ ಸುಧಾಕರ ಶೆಟ್ರ ಎದುರು ನಾನು ಎಡವಿದೆ. ಹೆಸರು ಬದಲಿಸಿದ್ದೇನೆ, ಉಳಿದದ್ದು ಇದ್ದ ಹಾಗೆ. ಬಿಜೈಯಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ ಅವರ ಹೋಟೆಲು, ಮೀನೂಟಕ್ಕೆ ಹೆಸರು. ಐವತ್ತಾರು ವರ್ಷ. ಸಕ್ಕರೆ ಕಾಯಿಲೆ ಮಾತ್ರೆಗೂ ಇಂಜೆಕ್ಷನ್ನಿಗೂ ಬಗ್ಗುತ್ತಿರಲಿಲ್ಲ. ನಿದ್ದೆಯಲ್ಲಿ ಉಸಿರು ನಿಲ್ಲುತ್ತಿತ್ತು, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಮಲಗುತ್ತಿದ್ದರು. ಹೃದಯದ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು, ಈ ತೂಕ ಇಳಿಯದಿದ್ದರೆ ಹೃದಯ ಹೆಚ್ಚು ಕಾಲ ತಡೆಯುವುದಿಲ್ಲ ಎಂದು. ಆಪರೇಷನ್ ಅವರಿಗೆ ಚಂದದ ಮಾತಲ್ಲ, ಜೀವದ ಮಾತು.

ಡೈರಿ ತಂದರು. ಬೆಳಿಗ್ಗೆ ಎರಡು ಇಡ್ಲಿ, ಮಧ್ಯಾಹ್ನ ಒಂದು ಹಿಡಿ ಅನ್ನ ಮೀನು, ರಾತ್ರಿ ಎರಡು ಚಪಾತಿ. ಎರಡು ವಾರವೂ ಅದೇ. ತೂಕ ಒಂದಿಷ್ಟೂ ಕದಲಿರಲಿಲ್ಲ. ನನ್ನ ತಾಳ್ಮೆ ತಪ್ಪಿತು.

"ಶೆಟ್ರೆ, ನನ್ನ ಹತ್ತಿರ ಸುಳ್ಳು ಹೇಳಿ ನಿಮಗೆಂತ ಲಾಭ?" ಎಂದೆ.

ಅವರು ಮೇಜು ಹಿಡಿದು ಕಷ್ಟಪಟ್ಟು ಎದ್ದು ನಿಂತರು. "ಮೇಡಂ, ನಾನು ನಿನ್ನೆಯ ಸಾರನ್ನು ಇವತ್ತು ಬಡಿಸಿದವನಲ್ಲ. ಸುಳ್ಳು ನನಗೆ ಅಭ್ಯಾಸ ಇಲ್ಲ" ಎಂದು ಹೇಳಿ ಹೊರಟೇಹೋದರು.

ಮೂರು ದಿನ ಬಿಟ್ಟು ಅವರ ತಂಗಿಯ ಮಗಳು ನಿಶ್ಮಿತಾ ಒಬ್ಬಳೇ ಬಂದಳು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಮಾವನ ಹೋಟೆಲಿನಲ್ಲೇ ಇರುವವಳು. ಸೋದರಮಾವನನ್ನು ಅವಳು ತುಳುವಿನಲ್ಲಿ ತಮ್ಮಲೆ ಎಂದೇ ಕರೆಯುವುದು. "ತಮ್ಮಲೆಗೆ ಕೋಪ ಬಂದದ್ದು ಹೌದು ಮೇಡಂ. ಆದ್ರೆ ಅವರು ಹೇಳಿದ್ದು ಸುಳ್ಳಲ್ಲ. ನೀವು ಒಮ್ಮೆ ಹೋಟೆಲಿಗೆ ಬಂದು ನೋಡಿ" ಎಂದಳು.

ಹೋದೆ. ಬೆಳಿಗ್ಗೆ ಆರು ಗಂಟೆ. ಶೆಟ್ರು ಒಲೆಗಳ ಪಕ್ಕ ನಿಂತಿದ್ದರು. ಅಡುಗೆಯ ಬಾಬಣ್ಣ ಸಾಂಬಾರಿನ ಸೌಟು ತಂದ. ಶೆಟ್ರು ಮಾತಿಲ್ಲದೆ ಬಲ ಅಂಗೈ ಚಾಚಿದರು, ಅವನು ಸುರಿದ, ಇವರು ನೆಕ್ಕಿ "ಉಪ್ಪು ಒಂದು ಚಿಟಿಕೆ" ಎಂದರು. ಆಮೇಲೆ ಚಟ್ನಿ. ಆಮೇಲೆ ಕಾಯಿ ಅರೆದ ಗಸಿ, ಹುರಿದ ಮಸಾಲೆ, ಪಾಯಸ, ಮತ್ತೆ ಎರಡನೆಯ ಹಂಡೆಯ ಸಾಂಬಾರು. ಮೂವತ್ತು ವರ್ಷದಿಂದ ಆ ಅಂಗೈ ದಾಟದೆ ಒಂದು ಪದಾರ್ಥವೂ ಹೊರಗೆ ಹೋದದ್ದಿಲ್ಲ. ಆ ಹೋಟೆಲಿನ ರುಚಿ ಬದಲಾಗುವುದಿಲ್ಲ ಎಂದು ಜನ ಹೇಳುತ್ತಿದ್ದುದು ಇದರಿಂದಲೇ. ರುಚಿ ನೋಡುವುದು ಅವರಿಗೆ ಕೆಲಸ. ಕೆಲಸವನ್ನು ಊಟದ ಡೈರಿಯಲ್ಲಿ ಯಾರು ಬರೆಯುತ್ತಾರೆ?

ನಿಶ್ಮಿತಾಳೂ ನಾನೂ ಸೇರಿ ಒಂದು ಉಪಾಯ ಮಾಡಿದೆವು. ಮರುದಿನ ಅವರ ಅಂಗೈಗೆ ಬಿದ್ದಷ್ಟನ್ನೇ ಅವಳು ಪ್ರತಿಸಲವೂ ಒಂದು ಸ್ಟೀಲಿನ ಪಾತ್ರೆಗೆ ಹಾಕುತ್ತಾ ಹೋದಳು. ಸಂಜೆ ನಾಲ್ಕಕ್ಕೆ ನಾನು ಹೋಗಿ ಮೊದಲು ಕ್ಷಮೆ ಕೇಳಿದೆ. "ನಿಮ್ಮನ್ನು ಸುಳ್ಳ ಅಂದದ್ದು ನನ್ನ ತಪ್ಪು ಶೆಟ್ರೆ." ಆಮೇಲೆ ಪಾತ್ರೆಯನ್ನು ಅವರ ಎದುರಿಗಿಟ್ಟು ಮುಚ್ಚಳ ತೆಗೆದೆ. ಎಣ್ಣೆ, ತೆಂಗಿನಕಾಯಿ, ಬೆಲ್ಲ, ಮೀನು ಎಲ್ಲ ಕಲಸಿ ಪಾತ್ರೆ ಅಂಚಿನವರೆಗೆ ತುಂಬಿತ್ತು.

"ಇದೆಂತ? ನಾಯಿಗೆ ತೆಗೆದಿಟ್ಟದ್ದಾ?"

"ಅಲ್ಲ. ನೀವು ಇವತ್ತು ರುಚಿ ನೋಡಿದ್ದು."

ಅವರು ಪಾತ್ರೆಯನ್ನು ಹತ್ತಿರ ಎಳೆದುಕೊಂಡು ಬಗ್ಗಿ ನೋಡಿದರು. "ಸಾವು ಮಾರಾಯ್ರೆ" ಎಂದು ಮೆಲ್ಲಗೆ ಅಂದದ್ದಷ್ಟೇ ಕೇಳಿಸಿತು.

ಕಾರಣ ಗೊತ್ತಾದರೆ ರೋಗ ಹೋಗುತ್ತದೆಯೇ? "ನಾನು ನೋಡದಿದ್ರೆ ಹೋಟೆಲಿಗೆ ಬಾಗಿಲು ಹಾಕ್ಬೇಕು" ಎಂದರು. ಬಾಯಲ್ಲಿಟ್ಟು ರುಚಿ ನೋಡಿ ಉಗುಳಿಬಿಡಿ ಎಂದು ನಾನು ಸಲಹೆ ಕೊಟ್ಟೆ. ಅವರ ಮುಖ ಹೇಗಾಯಿತೆಂದರೆ ಅದನ್ನು ಹೇಳಿದ್ದಕ್ಕೆ ನನಗೆ ಇವತ್ತಿಗೂ ಸಂಕೋಚ. "ಅನ್ನವನ್ನು ಉಗುಳುದಾ ಮೇಡಂ? ಅದೂ ಒಲೆಯ ಎದುರು ನಿಂತು?" ಎಂದು ಒಲೆಯ ಕಡೆ ತಿರುಗಿ ಕೈಮುಗಿದರು. ಹಾಗಾದರೆ ನಿಶ್ಮಿತಾ ನೋಡಲಿ ಎಂದೆ. ಅವಳಿಗೆ ಅವರು ಕ್ಯಾಶ್ ಕೌಂಟರ್ ಕೊಟ್ಟಿದ್ದರು, ಕಂಪ್ಯೂಟರ್ ಕೊಟ್ಟಿದ್ದರು, ತನ್ನ ನಂತರ ಹೋಟೆಲು ಅವಳದೇ ಎಂದು ಊರಿಗೆಲ್ಲ ಹೇಳಿದ್ದರು. ಸೌಟು ಮಾತ್ರ ಕೊಟ್ಟಿರಲಿಲ್ಲ. "ಅವಳದ್ದು ಪಾಸ್ತಾ ತಿಂದ ನಾಲಗೆ" ಎಂದರು. ನಿಶ್ಮಿತಾ ಮುಚ್ಚಳ ಮುಚ್ಚಿ ಪಾತ್ರೆಯನ್ನು ಒಳಗೆ ತೆಗೆದುಕೊಂಡು ಹೋದಳು.

ಒಲೆಯ ಬುಡದಿಂದ ಅವರನ್ನು ಸ್ವಲ್ಪವಾದರೂ ದೂರ ಕೂರಿಸಬೇಕಿತ್ತು. ಇಡ್ಲಿಯ ಪಾಠವನ್ನು ಅವರ ಹೋಟೆಲಿನಲ್ಲೇ ಮಾಡಿಸಿದೆ. ಕೈತೊಳೆಯುವ ಜಾಗದ ಪಕ್ಕದ ಟೇಬಲಿನಲ್ಲಿ ಗಿರಾಕಿಯ ಹಾಗೆ ಕುಳಿತು, ಕಾಲು ತಟ್ಟೆ ಊಟವನ್ನು ಇಪ್ಪತ್ತು ನಿಮಿಷ ಮಾಡಬೇಕು. ಸ್ವಂತ ಹೋಟೆಲಿನಲ್ಲಿ ಅವರು ಕುಳಿತು ಉಂಡದ್ದು ಅದೇ ಮೊದಲು! ಬಡಿಸುವವರು ಒಬ್ಬರನ್ನೊಬ್ಬರು ಮುಂದೆ ತಳ್ಳುತ್ತಿದ್ದರು. ಶೆಟ್ರು ಲೋಟ ಮೂಗಿಗೆ ಹಿಡಿದು, "ಇದು ಮೀನಿನ ವಾಸನೆ ಬರ್ತದಲ್ಲ, ಇಷ್ಟು ವರ್ಷ ಯಾರೂ ಹೇಳ್ಲಿಲ್ವಾ?" ಎಂದರು. ಫ್ಯಾನ್ ಕಿರುಗುಟ್ಟುವುದೂ ಅಂದೇ ಕೇಳಿಸಿತು. ನಾಲ್ಕನೆಯ ದಿನ ಅವರ ಕಣ್ಣು ಉಂಡು ಮುಗಿದು ವಾಪಸು ಬರುವ ತಟ್ಟೆಗಳ ಮೇಲೆ ಬಿತ್ತು. ಒಂದರಲ್ಲಿ ಪಲ್ಯ ಹಾಗೇ ಉಳಿದಿದೆ, ಒಂದರಲ್ಲಿ ಮಸಾಲೆಯನ್ನು ಬೆರಳಿನಿಂದ ಒರೆಸಿ ತಿಂದಿದ್ದಾರೆ. "ಪಲ್ಯ ಎಂತಕ್ಕೆ ಉಳಿದದ್ದು ಅಂತ ನಾನು ಒಳಗೆ ಹೋಗಿ ನೋಡಿದೆ ಮೇಡಂ. ಬೀನ್ಸ್ ಬಲಿತದ್ದು. ನಾಲಗೆಗೆ ಅದು ಗೊತ್ತೇ ಆಗಿರ್ಲಿಲ್ಲ" ಎಂದು ಉತ್ಸಾಹದಿಂದ ಫೋನ್ ಮಾಡಿದರು. ಇಂದಿಗೂ ಅವರ ಊಟ ಅದೇ ಟೇಬಲಿನಲ್ಲಿ, ಚಹಾದ ಸಾಸರಿನಷ್ಟು ಮಾತ್ರ.

ನಡಿಗೆ ಶುರುವಾಯಿತು, ಮೊದಲು ಗೇಟಿನವರೆಗೆ, ಆಮೇಲೆ ಕದ್ರಿ ಪಾರ್ಕಿನಲ್ಲಿ ಒಂದು ಸುತ್ತು. ತೂಕವೂ ಕದಲಿತು. ಆದರೆ ಅಂಗೈ ಪೂರ್ತಿ ನಿಂತಿರಲಿಲ್ಲ. ನಿಶ್ಮಿತಾ ದಿನಾ ಸಂಜೆ ನಿಯತ್ತಾಗಿ ಹೇಳುತ್ತಿದ್ದಳು: "ಇವತ್ತು ಮೂರು ಸಲ ಮೇಡಂ." ಎರಡು ವಾರದ ದ್ರವಾಹಾರ ಶುರುವಾದ ಮೇಲೆ ಅವರು ಬಾಯಿಗೆ ಹಾಕಲಿಲ್ಲ, ಆದರೆ ಅವಳಿಗೂ ಬಿಡಲಿಲ್ಲ. ಮೂಗಿನಿಂದಲೇ ಅಂದಾಜು ಮಾಡಿ ಕಳಿಸುತ್ತಿದ್ದರು. ಇದು ಬರೀ ಹಲ್ಲು ಕಚ್ಚಿ ತಡೆಯುವುದು, ಬಿಟ್ಟದ್ದಲ್ಲ. ಹಲ್ಲು ಕಚ್ಚಿದವರು ಆಪರೇಷನ್ ಆಗಿ ಹೊಲಿಗೆ ಮಾಯುವ ಮೊದಲೇ ಅಂಗೈ ಚಾಚುತ್ತಾರೆ.

ಸರ್ಜನ್ ನನ್ನ ಕೋಣೆಗೇ ಬಂದರು. "ಡೇಟ್ ಕೊಟ್ಟಾಗಿದೆ. ಫಾರ್ಮ್ ಎಲ್ಲಿ?"

"ಇನ್ನೂ ಆಗಲಿಲ್ಲ ಸರ್."

"ಅವರ ಹಾರ್ಟ್ ನಿಮ್ಮ ಫಾರ್ಮಿಗೆ ಕಾಯ್ತದಾ?"

ಅವರು ಹೇಳಿದ್ದು ನಿಜ. ಈ ಮನುಷ್ಯ ನನ್ನ ಹಟಕ್ಕೆ ಬಲಿಯಾದರೆ ಎಂದು ನನಗೆ ಹೆದರಿಕೆಯಾಯಿತು, ಅದನ್ನು ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ಆದರೂ ಅವಸರದಲ್ಲಿ ಸಹಿ ಹಾಕಿ ಒಬ್ಬರನ್ನು ಹಾಳು ಮಾಡಿದ್ದೆ. ದ್ರವಾಹಾರದ ಎರಡು ವಾರ ಮುಗಿಯುವವರೆಗೆ ಸಮಯ ಕೊಡಿ ಎಂದೆ. ಸರ್ಜನ್ ಗೊಣಗುತ್ತಾ ಹೋದರು.

ದ್ರವಾಹಾರದ ಹನ್ನೆರಡನೆಯ ದಿನ, ಮಧ್ಯಾಹ್ನ ಮೂರೂವರೆಗೆ, ಶೆಟ್ರು ಹೇಳದೆ ಕೇಳದೆ ನನ್ನ ಬಾಗಿಲಿಗೆ ಬಂದರು. ಹಿಂದೆ ನಿಶ್ಮಿತಾ. ಅವರು ಕುರ್ಚಿಯಲ್ಲಿ ಕುಳಿತು ಸ್ವಲ್ಪ ಹೊತ್ತು ಏದುಸಿರು ಬಿಟ್ಟರು.

"ಬಂಗುಡೆ ಪುಳಿಮುಂಚಿ ಮೇಡಂ" ಎಂದು ಆ ಹುಳಿ-ಖಾರದ ಮೀನಿನ ಪದಾರ್ಥದಿಂದಲೇ ಶುರುಮಾಡಿದರು. "ಬಾಬಣ್ಣ ಸೌಟು ತಂದ. ನನಗೆ ಗೊತ್ತಿಲ್ಲದೆ ಕೈ ಹೋಯ್ತು. ಅವ ಸುರಿದ. ಅಂಗೈಯಲ್ಲಿ ಬಿಸಿ ಉಂಟು, ಬಾಯಲ್ಲಿ ನೀರು ಉಂಟು. ಅಲ್ಲಿ ಇವಳು ನಿಂತಿದ್ದಾಳೆ, ನನ್ನ ಮುಖ ನೋಡ್ತಾ ಇಲ್ಲ, ಕೈಯನ್ನೇ ನೋಡ್ತಾ ಇದ್ದಾಳೆ. ನೀನು ನೋಡು ಅಂದೆ. ಮೂವತ್ತು ವರ್ಷದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದು ಮೊದಲು."

"ಅವಳು ಎಂತ ಹೇಳಿದ್ಳು?"

"ಹುಳಿ ಜಾಸ್ತಿ ಆಗಿದೆ, ಒಂದು ಚೂರು ಬೆಲ್ಲ ಬೇಕು ಅಂದ್ಳು. ಪುಳಿಮುಂಚಿಗೆ ಬೆಲ್ಲ! ನಮ್ಮಲ್ಲಿ ಹಾಕಿದ್ದೇ ಇಲ್ಲ. ಅಡುಗೆಮನೆಯಲ್ಲಿ ಎಲ್ಲರೂ ನಾನು ಬೈತೇನೆ ಅಂತ ಕಾಯ್ತಾ ಇದ್ರು. ಹಾಕು ಅಂದೆ. ನಳ್ಳಿ ಬಿಟ್ಟು ಕೈ ತೊಳೆದು ಹೋಗಿ ಆ ಟೇಬಲಿನಲ್ಲಿ ಕೂತೆ."

ಅವರು ತಮ್ಮ ಬಲ ಅಂಗೈಯನ್ನು ತಿರುಗಿಸಿ ನೋಡಿಕೊಂಡರು.

"ತಟ್ಟೆ ಎಲ್ಲ ಖಾಲಿ ಬಂತು ಮೇಡಂ. ಒರೆಸಿದ ಹಾಗೆ. ಇಪ್ಪತ್ತು ವರ್ಷದಿಂದ ಬರುವ ಒಬ್ಬರು ಗಿರಾಕಿ ಇದ್ದಾರೆ. ಅವರು ಎರಡನೇ ಸಲ ಮಸಾಲೆ ಹಾಕಿಸಿಕೊಂಡು, ಕೈ ತೊಳೀಲಿಕ್ಕೆ ಬಂದವರು ನನ್ನ ಹೆಗಲು ತಟ್ಟಿ ಹೇಳಿದ್ರು, ಶೆಟ್ರೆ, ಇವತ್ತು ನಿಮ್ಮ ಕೈಗುಣ ಭಾರೀ ಉಂಟು ಅಂತ." ಇಷ್ಟು ಹೇಳಿ ಆ ದೊಡ್ಡ ಮನುಷ್ಯ ಮುಖ ಮುಚ್ಚಿಕೊಂಡು ಅತ್ತರು. "ನಾನು ಮುಟ್ಟಿಯೇ ಇಲ್ಲ ಮೇಡಂ. ನಾನು ಮುಟ್ಟಿಯೇ ಇಲ್ಲ. ಇನ್ನು ಅಲ್ಲಿ ನಾನು ಎಂತಕ್ಕೆ?"

ಸಮಾಧಾನದ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಆಪರೇಷನ್ನಿನಲ್ಲಿ ಏನನ್ನು ಕಳೆದುಕೊಳ್ಳುತ್ತೇವೆ ಎಂದು ತಿಳಿಯದೆ ನಗುತ್ತಾ ಬಂದವರನ್ನು ಬೇಕಾದಷ್ಟು ನೋಡಿದ್ದೇನೆ. ಇವರಿಗೆ ಅದು ತಿಳಿದುಹೋಗಿತ್ತು, ಸಂಕಟವಾಗುತ್ತಿತ್ತು. ಈ ಸಂಕಟದಲ್ಲಿ ಅವರು ಯಾವ ಕಡೆ ತಿರುಗಿದರು ಎನ್ನುವುದೊಂದೇ ನನಗೆ ಬೇಕಿತ್ತು.

"ಆ ಗಿರಾಕಿಗೆ ನೀವು ಎಂತ ಹೇಳಿದ್ರಿ ಶೆಟ್ರೆ?" ಎಂದೆ.

ಉತ್ತರ ಕೊಟ್ಟವಳು ನಿಶ್ಮಿತಾ. ಅವಳ ಕಣ್ಣೂ ತುಂಬಿತ್ತು.

"ನನ್ನನ್ನು ಒಳಗಿಂದ ಕೂಗಿ ಕರೆದ್ರು ಮೇಡಂ. ಆ ಗಿರಾಕಿಯ ಎದುರು ನಿಲ್ಲಿಸಿ, ಕೈ ನನ್ನದಲ್ಲ, ಇವಳದ್ದು ಅಂದ್ರು."

ನಾನು ಫಾರ್ಮ್ ಎಳೆದುಕೊಂಡು ಸಹಿ ಹಾಕಿದೆ. ಕಣ್ಣು ಮಂಜಾಗಿ ಅದು ಗೆರೆ ಬಿಟ್ಟು ಕೆಳಗಿಳಿಯಿತು. ಮರುದಿನ ಸರ್ಜನ್ ಅದನ್ನು ಕನ್ನಡಕದ ಹತ್ತಿರ ಹಿಡಿದು, "ಇದು ನಿಮ್ಮದೇ ಸಹಿಯಾ ವಾರಿಜಾ?" ಎಂದರು.

"ನನ್ನದೇ ಸರ್" ಎಂದೆ. "ಅವರನ್ನು ಒಳಗೆ ಕರ್ಕೊಂಡು ಹೋಗಿ."